ಮಗಳ ಕಾರಿನ ಹಳದಿ ದೀಪ

ಊರವರ ಕಾರುಗಳಲ್ಲಿ ದೋಷವಿದ್ದಾಗ ಹತ್ತುವ ಹಳದಿ ಎಂಜಿನ್ ದೀಪವನ್ನು ಚಿಟಿಕೆ ಹೊಡೆಯುವಷ್ಟರಲ್ಲಿ ಆರಿಸಿ ಕಳಿಸುವ ಮೆಕ್ಯಾನಿಕ್‌ನ ಮನೆ ಮುಂದೆಯೇ, ದೀಪ ಉರಿಯುವ ಹಳೇ ಕಾರೊಂದು ತಿಂಗಳುಗಟ್ಟಲೆ ನಿಂತಿತ್ತು. ಜನ ಆಡಿಕೊಂಡರು. ಆಡಿಕೊಳ್ಳಲಿ ಬಿಡಿ, ಜನರ ಬಾಯಿಗೆ ಬೀಗ ಹಾಕಲಾದೀತೇ? ಅದು ಅವನ ಮಗಳ ಕಾರು.

ಆ ಹುಡುಗಿಗೆ ಪೆಟ್ರೋಲ್ ಮುಚ್ಚಳವನ್ನು ಟಿಕ್ ಎನ್ನುವವರೆಗೆ ತಿರುಗಿಸುವ ತಾಳ್ಮೆಯೇ ಇರಲಿಲ್ಲ. ಮುಚ್ಚಳ ಸಡಿಲವಾದರೆ ಆವಿ ಸೋರುತ್ತದೆ, ದೀಪ ಹತ್ತಿಕೊಳ್ಳುತ್ತದೆ. ಹೇಳಿ ಹೇಳಿ ಅಪ್ಪನ ನಾಲಿಗೆ ಸವೆದಿತ್ತು. ಕೊನೆಯ ಸಂಜೆಯೂ ಅಷ್ಟೇ. “ಅಪ್ಪಾ, ಮತ್ತೆ ನಿನ್ನ ದೀಪ ಬಂತು ನೋಡು” ಎಂದು ನಗುತ್ತ ಕೀಲಿ ಕೊಟ್ಟಳು, ತಲೆ ಸಿಡಿಯುತ್ತಿದೆ ಎಂದು ಮಲಗಿದಳು. ಮತ್ತೆ ಏಳಲಿಲ್ಲ. ತಲೆಯೊಳಗೆ ರಕ್ತನಾಳ ಒಡೆದಿತ್ತಂತೆ. ಹಾಳಾದ್ದಕ್ಕೆ ಒಡೆಯಲು ಬೇರೆ ತಲೆ ಸಿಗಲಿಲ್ಲವೇ?

ದೀಪ ಹತ್ತಿದ ಗಳಿಗೆಯಲ್ಲಿ ಎಷ್ಟು ವೇಗವಿತ್ತು, ಎಂಜಿನ್ ಎಷ್ಟು ಬಿಸಿಯಿತ್ತು ಎಂಬುದನ್ನೆಲ್ಲ ಕಾರು ಆ ದೋಷದ ಕೋಡಿನ ಜೊತೆ ನೆನಪಿಟ್ಟುಕೊಳ್ಳುತ್ತದೆ. ಅವನು ದಿನಾ ಬೆಳಿಗ್ಗೆ ಅದನ್ನು ಓದುವ ಸ್ಕ್ಯಾನರ್ ಚುಚ್ಚಿ ನೋಡುತ್ತಿದ್ದ. ವೇಗ ಮೂವತ್ತೆಂಟು. ಮನೆಯ ತಿರುವಿನ ಹತ್ತಿರವೇ ಇರಬೇಕು. ಆ ಅಂಕಿಯಲ್ಲಿ ಅವಳಿನ್ನೂ ಮನೆಗೆ ಬರುತ್ತಲೇ ಇದ್ದಳು. ನೋಡಿ, ಕಣ್ಣೊರೆಸಿಕೊಂಡು ಕೆಲಸಕ್ಕೆ ಹೋಗುತ್ತಿದ್ದ. ಹೆಂಡತಿಗೂ ಇದನ್ನು ಹೇಳಿರಲಿಲ್ಲ. ಹೇಳಿದ್ದರೆ ಎಷ್ಟೋ ಚೆನ್ನಾಗಿತ್ತು.

ಒಂದು ಬೆಳಿಗ್ಗೆ ಎಂಜಿನ್ ಶುರು ಮಾಡಿದರೆ ದೀಪವಿಲ್ಲ. ಸ್ಕ್ಯಾನರ್ ಚುಚ್ಚಿದ. ಕೋಡ್ ಇಲ್ಲ, ವೇಗವೂ ಇಲ್ಲ.

ಹೆಂಡತಿ ಸೆರಗಿಗೆ ಕೈಯೊರೆಸಿಕೊಳ್ಳುತ್ತ ಹೊರಗೆ ಬಂದಳು. “ದಿನಾ ಅದನ್ನ ಆರಿಸೋಕೆ ಹೋಗ್ತೀರಿ, ಆಗದೆ ಅತ್ಕೊಂಡು ಬರ್ತೀರಿ. ನೋಡೋಕಾಗ್ಲಿಲ್ಲ ರೀ. ಬ್ಯಾಟರಿ ವೈರ್ ಬಿಚ್ಚಿಟ್ರೆ ದೀಪ ಹೋಗುತ್ತೆ ಅಂತ ನೀವೇ ಹೇಳಿದ್ರಲ್ಲ. ರಾತ್ರಿ ನಾನೇ ಬಿಚ್ಚಿ, ಆಮೇಲೆ ಮತ್ತೆ ಸಿಕ್ಕಿಸಿದೆ.”

ಅವಳ ಬೆರಳ ಗೆಣ್ಣು ತರಚಿ ರಕ್ತ ಹೆಪ್ಪುಗಟ್ಟಿತ್ತು.

“ಮುಚ್ಚಳ?” ಎಂದ.

“ಅದನ್ನೂ ಟಿಕ್ ಅನ್ನೋವರೆಗೂ ತಿರುಗಿಸಿದೀನಿ. ಅದಕ್ಕೇ ಅಲ್ವಾ ಅವಳನ್ನ ಅಷ್ಟು ಬೈತಿದ್ದಿದ್ದು?”

ಮಗಳ ಕೈ ಕೊನೆಗೆ ಬಿಟ್ಟುಹೋದ ಸಡಿಲವೂ ಹೋಯಿತು. ಅವನಿಗೆ ಬಾಯಿ ಬಡಿದುಕೊಂಡು ಅಳಬೇಕೆನಿಸಿತು. ಆದರೆ ಆ ಗೆಣ್ಣು ನೋಡಿ ಹೇಗೆ ಅತ್ತಾನು?

“ಒಳ್ಳೇದೇ ಮಾಡಿದೆ ಕಣೇ” ಎಂದ.

ಹೆಂಡತಿ ಒಳಗೆ ಹೋದ ಮೇಲೆ ಮುಚ್ಚಳವನ್ನು ಸ್ವಲ್ಪ ಸಡಿಲಿಸಿದ. ಮಗಳು ಬಿಡುತ್ತಿದ್ದದ್ದು ಇಷ್ಟೋ, ಇನ್ನಷ್ಟೋ, ಅವನ ಕೈಗೆ ಗೊತ್ತಾಗಲಿಲ್ಲ. ಕಾರು ಹತ್ತಿ ಆ ತಿರುವಿನಲ್ಲಿ ಮೂವತ್ತೆಂಟರಲ್ಲೇ ಓಡಿಸಿದ. ತಿರುಗಿ ಬಂದು ಮತ್ತೆ ಓಡಿಸಿದ. ದೀಪ ಬರಲಿಲ್ಲ. ಬಂದಿದ್ದರೂ ಅದು ಅವನ ಕೈಯಿಂದ ಬಂದ ದೀಪ, ಅವಳದಲ್ಲ.