ಬಿಸಿಲ ಹೊತ್ತಿನ ಶಬ್ದ

ತಾಂಡೂರಿನ ವೈಶಾಖದಲ್ಲಿ ಕಾಗೆಯೂ ನೆರಳು ಬಿಡುವುದಿಲ್ಲ. ಅದಕ್ಕೇ ರೇವಪ್ಪನವರ, ನೆಲಕ್ಕೆ ಹಾಸುವ ಫರಸಿಕಲ್ಲಿನ ಕಾರ್ಖಾನೆಯಲ್ಲಿ ಒಂದು ರೂಢಿ ಇತ್ತು. ನಸುಕಿಗೇ ಕೆಲಸ ಶುರು, ನಡುಮಧ್ಯಾಹ್ನ ಪಾಲಿಶ್ ಮಷಿನ್ ಬಂದ್. ಹೆಣ್ಣಾಳುಗಳು ಆಗಷ್ಟೇ ತೊಳೆದ ಒದ್ದೆ ಕಲ್ಲಿನ ಮೇಲೆ ಕೆನ್ನೆಯಿಟ್ಟು ಮಲಗುತ್ತಿದ್ದರು, ಬಿಸಿಲು ತಗ್ಗಿದ ಮೇಲೆ ಏಳುತ್ತಿದ್ದರು. ರೇವಪ್ಪ ತೀರಿಕೊಂಡದ್ದೇ ತಡ, ಮಗ ಅಮರನಾಥನ ಕಣ್ಣಿಗೆ ಅದು ಮೈಗಳ್ಳತನವಾಗಿ ಕಂಡಿತು. ಸೋಮವಾರದಿಂದ ಮಷಿನ್ ನಿಲ್ಲುವುದಿಲ್ಲ ಎಂದುಬಿಟ್ಟ.

ಅವನ ಅಕ್ಕ ಪ್ರೇಮಲಾ ಹೈದರಾಬಾದಿನ ಕಾಲೇಜಿನಲ್ಲಿ ಫ್ರೆಂಚ್ ಕಲಿಸುವವಳು, ರಜೆಗೆ ಬಂದಿದ್ದಳು. ಚಿಕ್ಕಂದಿನಲ್ಲಿ ಅವಳನ್ನು ಎತ್ತಿ ಆಡಿಸಿದ್ದ, ಈಗ ಕಾರ್ಖಾನೆಯ ಆಳಾಗಿದ್ದ ಕೌಶಲ್ಯಾ ಹಿತ್ತಲ ಬಾಗಿಲಿಗೆ ಬಂದಳು.

“ತಮ್ಮಗ ಒಂದ್ ಮಾತ್ ಹೇಳ್ರಿ ಅಕ್ಕೋರೆ. ಹ್ವಾದ ವಾರ ಒಂದಿನ ಬಿಸಿಲಾಗ ಮಷಿನ್ ನಡಸಿದ್ದಕ್ಕೇ ನಮ್ಮ ಜೋಡಿ ಸುಗಲಾಬಾಯಿ ಚಕ್ಕರ್ ಬಂದು ಬಿದ್ದಾಳ. ಇನ್ನಾ ಎದ್ದಿಲ್ಲ.”

ಹೇಳಬೇಕಾದದ್ದು ಅಷ್ಟೇ. ಆದರೆ ಓದಿದ ಬಾಯಿ ಸುಮ್ಮನಿರುತ್ತದೆಯೇ? ತಮ್ಮ ಊಟಕ್ಕೆ ಕೂತಾಗ ಪ್ರೇಮಲಾ ಪಾಠವನ್ನೇ ಬಡಿಸಿದಳು.

“ಫ್ರೆಂಚಿನ್ಯಾಗ ನಿರುದ್ಯೋಗಕ್ಕ ಶೊಮಾಜ್ ಅಂತಾರ, ಅಮರ. ಅದರ ಬೇರು ಹಳೇ ಲ್ಯಾಟಿನ್ ಶಬ್ದ. ಉರಿಬಿಸಿಲಾಗ ಕೆಲಸ ಬಿಟ್ಟು ದಣಿವಾರಿಸ್ಕೊಳ್ಳೋದು ಅಂತ ಅರ್ಥ. ನೋಡು, ಆ ಜನಾನೂ ನಮ್ಮ ಅಪ್ಪನಂಗ ಇದ್ರು.”

ಅಮರನಾಥ ರೊಟ್ಟಿ ಮುರಿಯುತ್ತಾ ನಕ್ಕ. “ಅಂದ್ರ ಬಿಸಿಲಾಗ ಮಲಗಿದವರಿಗಿ ಕೆಲಸ ಇಲ್ಲ ಅಂತಾತು. ಛಲೋ ಹೇಳ್ದಿ ಅಕ್ಕಾ.”

ತಮಾಷೆ ಎಂದುಕೊಂಡು ಅವಳೂ ನಕ್ಕಳು. ಸುಗಲಾಬಾಯಿಯ ಸುದ್ದಿ ಬಾಯಿಗೆ ಬರಲೇ ಇಲ್ಲ.

ಸೋಮವಾರ ಮಧ್ಯಾಹ್ನ ಹೆಣ್ಣಾಳುಗಳು ರೂಢಿಯಂತೆ ಕಲ್ಲಿನ ಮೇಲೆ ಒರಗಿದರು. ಪ್ರೇಮಲಾ ಮಾತಾಡಿದ್ದಾಳೆಂಬ ಧೈರ್ಯ ಅವರಿಗೆ. ಅಮರನಾಥ ಶೆಡ್ಡಿನ ಬಾಗಿಲಲ್ಲಿ ನಿಂತು ಕೂಗಿದ.

“ಮಲಗಿದವರು ನಾಳಿಂದ ಬರಬ್ಯಾಡ್ರಿ. ಇದು ನನ್ನ ಮಾತಲ್ಲ, ಫ್ರಾನ್ಸಿನ ಕಾಯ್ದೆ. ನಮ್ಮ ಅಕ್ಕನೇ ಹೇಳ್ಯಾಳ.”

ಪ್ರೇಮಲಾ ಅವನ ಹಿಂದೆಯೇ ಬಂದಿದ್ದಳು. ಗಣಪನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದಳು. ಅಷ್ಟೂ ಹೆಂಗಸರು ಅವಳತ್ತ ತಿರುಗಿ ನೋಡಿದರು. ಎಲ್ಲರಿಗಿಂತ ಮೊದಲು ಎದ್ದವಳು ಕೌಶಲ್ಯಾ.

“ನಾ ಮಲಗಿಲ್ರಿ ಸಾವ್ಕಾರ್ರೆ, ಕಲ್ಲ ಒರಸ್ತಿದ್ದೆ” ಎಂದು ಸೆರಗಿನಿಂದ ಕಲ್ಲು ಉಜ್ಜತೊಡಗಿದಳು. ಉಳಿದವರೂ ಎದ್ದರು. ಮಷಿನ್ ಗರ್ ಎಂದು ತಿರುಗಿತು.

“ಅಮರ, ಸುಗಲಾಬಾಯಿ ಸಾಯಾಕ ಹತ್ಯಾಳ, ಬಂದ್ ಮಾಡು!” ಪ್ರೇಮಲಾ ಈಗ ಕಿರುಚಿದಳು. ಆ ಸದ್ದಿನಲ್ಲಿ ಅವಳ ದನಿ ಅವಳಿಗೇ ಕೇಳಲಿಲ್ಲ. ಕಣ್ಣು ತುಂಬಿ, ಓಡಿಹೋಗಿ ಕೌಶಲ್ಯಾಳ ಕೈ ಹಿಡಿದಳು.

ಕೌಶಲ್ಯಾ ಮೆಲ್ಲಗೆ ಕೈ ಬಿಡಿಸಿಕೊಂಡಳು. ಅವಳ ಕಿವಿಯ ಹತ್ತಿರ ಬಾಗಿ ಮರ್ಯಾದೆಯಿಂದಲೇ ಹೇಳಿದಳು:

“ಒಳಗ ಹೋಗ್ರಿ ಅಕ್ಕೋರೆ, ಬಿಸಿಲ ಭಾಳ ಅದ.”