ಹೊನ್ನಕೋಟೆಯಲ್ಲಿ ಹನ್ನೊಂದೂ ಹತ್ತು

ಅಂಜಮ್ಮ ಒಬ್ಬಳೇ ಮಾಲೂರಿಗೆ ಹೋಗಿ ಬಸುರಿ ಮಗಳನ್ನು ಕರೆತರುತ್ತೇನೆ ಎಂದಾಗ ಊರಿನವರೆಲ್ಲ ಬೇಡವೆಂದರು. ಹೋಗು ಎಂದವಳು ನಾನೊಬ್ಬಳೇ. ಆ ದಿನ ಆದದ್ದಕ್ಕೆ ಅರ್ಧ ಹೊಣೆ ನನ್ನದೇ ಎಂದು ಈ ಎಪ್ಪತ್ತೆಂಟನೇ ವಯಸ್ಸಿನಲ್ಲೂ ಅನ್ನಿಸುತ್ತದೆ.

ಅದು ಎಂಬತ್ತಾರನೇ ಇಸವಿ. ಕೋಲಾರದಲ್ಲಿ ಬಿ.ಎ. ಓದಿದ ನಾನು ರಾಯಲ್ಪಾಡಿನ ಪಕ್ಕದ ಹಳ್ಳಿಯಲ್ಲಿ ಶಾಲೆಯ ಟೀಚರಾಗಿದ್ದೆ. ಸಂಜೆ ಅದೇ ಶಾಲೆಯ ಜಗಲಿಯಲ್ಲಿ ದೊಡ್ಡವರಿಗೆ ಅಕ್ಷರ ಕಲಿಸುತ್ತಿದ್ದೆ. ಟೊಮೊಟೊ ತೋಟದ ಕೆಲಸ ಮುಗಿಸಿ, ಕೈಗೆ ಅಂಟಿದ ಹಸಿರು ಕರೆಯನ್ನು ಉಜ್ಜಿಕೊಳ್ಳುತ್ತ ಹನ್ನೊಂದು ಹೆಂಗಸರು ಬರುತ್ತಿದ್ದರು. ಮನೆಯಲ್ಲಿ ಎಲ್ಲರದೂ ತೆಲುಗು, ಸ್ಲೇಟಿನಲ್ಲಿ ಕನ್ನಡ. ನಲವತ್ತೈದರ ಅಂಜಮ್ಮ ಯಾವತ್ತೂ ಮುಂದಿನ ಸಾಲಿನಲ್ಲಿ ಕೂರುತ್ತಿದ್ದಳು. ಅವಳು ತಡವರಿಸಿದಾಗ ನಾನು ಬಾಯಿ ತೆರೆದರೆ ಸಾಕು, ಕೈ ಅಡ್ಡ ಹಿಡಿಯುತ್ತಿದ್ದಳು. "ನೇನೇ ಚದುವ್ತಾನು." ನಾನೇ ಓದ್ತೀನಿ, ನೀವು ಹೇಳಬೇಡಿ ಎಂದು.

ಆ ಹಟಕ್ಕೆ ಕಾರಣವಿತ್ತು. ಹಿಂದೊಮ್ಮೆ ಶ್ರೀನಿವಾಸಪುರದ ಬಸ್ ಸ್ಟ್ಯಾಂಡಿನಲ್ಲಿ ಮುಳಬಾಗಿಲಿನ ಬಸ್ಸು ಯಾವುದೆಂದು ಒಬ್ಬ ಯುವಕನನ್ನು ಕೇಳಿದ್ದಳು. ಅವನು ಗೆಳೆಯರ ಕಡೆ ಕಣ್ಣು ಹೊಡೆದು ಚಿಂತಾಮಣಿಯ ಬಸ್ಸು ಹತ್ತಿಸಿದ. ಬಸ್ಸು ಹೊರಟ ಮೇಲೆ ಅವರೆಲ್ಲ ನಕ್ಕದ್ದು ಕಿಟಕಿಯಿಂದ ಕಾಣಿಸಿತಂತೆ. ಈ ಕಥೆ ಕೇಳಿದ ದಿನ ನಾನು ತರಗತಿಗೆಲ್ಲ ಕೇಳುವ ಹಾಗೆ ಹೇಳಿದ್ದೆ: ಮನುಷ್ಯರು ಸುಳ್ಳು ಹೇಳಬಹುದು, ಬೋರ್ಡು ಹೇಳುವುದಿಲ್ಲ. ಓದಲು ಬಂದರೆ ಯಾರನ್ನೂ ಕೇಳಬೇಕಿಲ್ಲ. ಅಂಜಮ್ಮ ಆ ಮಾತನ್ನು ಸೆರಗಿನ ಗಂಟಿನಲ್ಲಿ ಕಟ್ಟಿಟ್ಟುಕೊಂಡಳು.

ಅವಳ ಒಬ್ಬಳೇ ಮಗಳು ಗಂಗರತ್ನಳನ್ನು ಮಾಲೂರಿನ ಹೆಂಚಿನ ಕಾರ್ಖಾನೆಯಲ್ಲಿ ಕೆಲಸ ಮಾಡುವ ಕದಿರೇಶನಿಗೆ ಕೊಟ್ಟಿತ್ತು. ಕದಿರೇಶನ ತಾಯಿ ರಾಮಲಕ್ಷ್ಮಮ್ಮ ಹರಿತ ನಾಲಿಗೆಯ ಹೆಂಗಸು. ಮದುವೆಯ ದಿನವೇ, ನಿಮ್ಮಮ್ಮನಿಗೆ ಬಸ್ಸಿನ ಬೋರ್ಡೂ ಗೊತ್ತಾಗಲ್ಲವಂತಲ್ಲ ಎಂದು ಸೊಸೆಯನ್ನು ಚುಚ್ಚಿದ್ದಳು. ಈಗ ಆಕೆಯಿಂದ ಕಾಗದ ಬಂದಿತ್ತು. ಸೊಸೆಗೆ ಏಳು ತಿಂಗಳು ತುಂಬುತ್ತಿದೆ. ಗುರುವಾರ ಒಂದೂವರೆಗೆ ರಾಹುಕಾಲ, ಅಷ್ಟರೊಳಗೆ ತಾಯಿ ಬಂದರೆ ಮಡಿಲು ತುಂಬಿ ಕಳಿಸುತ್ತೇನೆ. ಶುಕ್ರವಾರ ಸೊಸೆಯನ್ನು ಹೊಸಿಲು ದಾಟಿಸುವುದಿಲ್ಲ. ಶನಿವಾರ ಅಮಾವಾಸ್ಯೆ, ಅದಾದರೆ ಎಂಟನೇ ತಿಂಗಳು, ಎಂಟರಲ್ಲಿ ಪ್ರಯಾಣ ಕೂಡದು. ತಪ್ಪಿದರೆ ಹೆರಿಗೆ ಇಲ್ಲೇ ಆಗಲಿ.

ಅಂಜಮ್ಮ ಆ ಕಾಗದವನ್ನು ಯಾರ ಸಹಾಯವೂ ಇಲ್ಲದೆ ಓದಿದಳು. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದಳು. ಮೊದಲ ಬಾಣಂತನ ತಾಯಿಮನೆಯಲ್ಲಿ ಆಗದಿದ್ದರೆ ತವರಿಲ್ಲದವಳು ಎಂಬ ಮಾತನ್ನು ಆ ಹುಡುಗಿ ಸಾಯುವವರೆಗೂ ಕೇಳಬೇಕಾಗುತ್ತದೆ. ಮದುವೆಯಲ್ಲಿ ಹೆಚ್ಚೇನೂ ಕೊಡಲಾಗಲಿಲ್ಲ, ಇದೊಂದನ್ನಾದರೂ ಮಾಡಬೇಕು. ಗಂಡ ಚನ್ನರಾಯಪ್ಪನಿಗೆ ಕಣ್ಣು ಮಂಜು, ಜೊತೆಗೆ ಬರಲಾರ. ಮೈದುನನನ್ನು ಕರೆದರೆ ಬರುತ್ತಾನೆ, ಆದರೆ ರಾಮಲಕ್ಷ್ಮಮ್ಮನ ಎದುರು ತಾನೇ ಓದಿಕೊಂಡು ಹೋಗಿ ನಿಲ್ಲಬೇಕೆಂಬ ಆಸೆ. ಮಾಲೂರಿಗೆ ಅವಳು ಹೋದದ್ದು ಒಂದೇ ಸಲ, ಅದೂ ಕತ್ತಲಲ್ಲಿ, ವ್ಯಾನಿನಲ್ಲಿ. ನಾನು ಸ್ಲೇಟಿನ ಮೇಲೆ ಮೂರು ಹೆಸರು ಬರೆಸಿದೆ: ಶ್ರೀನಿವಾಸಪುರ, ಕೋಲಾರ, ಮಾಲೂರು.

ಗುರುವಾರ ಬೆಳಗಿನ ಮೊದಲ ಬಸ್ಸಿಗೆ ಅವಳು ಹೊರಟಳು. ಅಂದು ನನಗೂ ಕೋಲಾರದಲ್ಲಿ ಒಂದು ಮೀಟಿಂಗಿತ್ತು. ಅದು ಬೇಗ ಮುಗಿದಾಗ ಮನಸ್ಸು ತಡೆಯಲಿಲ್ಲ. ನನ್ನ ವಿದ್ಯಾರ್ಥಿನಿ ಬೀಗಿತ್ತಿಯ ಮನೆಯಲ್ಲಿ ತಲೆಯೆತ್ತಿ ಕೂತಿರುವುದನ್ನು ನೋಡಬೇಕೆನಿಸಿತು. ಮಾಲೂರಿನ ಬಸ್ಸು ಹತ್ತಿದೆ.

ಹನ್ನೆರಡೂವರೆಗೆ ಬಸ್ಸು ಎಂದಿನ ಜಾಗಕ್ಕೆ ಹೋಗದೆ ಸಂತೆ ಬೀದಿಯ ತಿರುವಿನಲ್ಲೇ ನಮ್ಮನ್ನು ಇಳಿಸಿತು. ನಡೆದು ಹೋದರೆ ಜನವೋ ಜನ. ಬೆಂಗಳೂರಿನಿಂದ ಬಂದವರು ಟಿ.ವಿ. ಧಾರಾವಾಹಿಗೆ ಶೂಟಿಂಗ್ ನಡೆಸುತ್ತಿದ್ದರು. ಕಥೆ ನಡೆಯುವುದು ಹೊನ್ನಕೋಟೆ ಎಂಬ ಊರಿನಲ್ಲಂತೆ. ಅಂಥ ಊರು ಎಲ್ಲೂ ಇಲ್ಲ. ಹೆಂಚಿನ ಸೂರಿನ ಅಂಗಡಿಸಾಲು, ಮುಂದೊಂದು ಅರಳಿಮರ ಇರುವ ಬಸ್ ನಿಲ್ದಾಣ ಹುಡುಕಿಕೊಂಡು ಮಾಲೂರಿಗೆ ಬಂದಿದ್ದರು. ಬಟ್ಟೆ ಅಂಗಡಿ, ಸೈಕಲ್ ಶಾಪು, ಎಲ್ಲದರ ಬೋರ್ಡಿನ ಮೇಲೂ ಹೊನ್ನಕೋಟೆ. ಹೊಸದಾಗಿ ಒಂದು ದೊಡ್ಡ ಗಡಿಯಾರವನ್ನೂ ನಿಲ್ದಾಣದ ಕಂಬಕ್ಕೆ ಹೊಡೆದಿದ್ದರು. ಕಥೆಯ ನಾಯಕ ಹನ್ನೊಂದೂ ಹತ್ತಕ್ಕೆ ಬಂದಿಳಿಯುತ್ತಾನಾದ್ದರಿಂದ ಅದರ ಮುಳ್ಳುಗಳು ಅಲ್ಲೇ ನಿಂತಿದ್ದವು. ನೋಡಿ ನಗು ಬಂತು. ನಿಲ್ದಾಣದ ನೆತ್ತಿಯ ಮೇಲೆ, ಮಾಲೂರು ಎಂದಿರಬೇಕಾದ ಕಡೆ, ಮೊಳದುದ್ದದ ಅಕ್ಷರಗಳಲ್ಲಿ ಹೊನ್ನಕೋಟೆ ಎಂದಿರುವುದು ಕಂಡಾಗ ನಗು ನಿಂತುಹೋಯಿತು.

ಅಲ್ಲೇ ಬಣ್ಣದ ಡಬ್ಬಿಯ ಪಕ್ಕ ಬೀಡಿ ಸೇದುತ್ತ ಕೂತಿದ್ದ ಸುಬ್ಬರಾಯಪ್ಪ ಎಂಬ ಪೇಂಟರನ್ನು ಕೇಳಿದೆ. ಮಾಲೂರಿನ ಬೋರ್ಡುಗಳನ್ನೆಲ್ಲ ಬರೆದವನೂ ಅವನೇ, ಈ ಹೊಸ ಹಲಗೆಗಳನ್ನು ಬರೆದವನೂ ಅವನೇ. ಕೋಲಾರದಿಂದ ಮಾಲೂರಿನ ಮೇಲೆ ಮಾಸ್ತಿಗೆ ಹೋಗುವ ಹತ್ತೂವರೆಯ ಬಸ್ಸನ್ನೇ ಶೂಟಿಂಗಿಗೆ ಬಳಸಿಕೊಂಡೆವು ಎಂದ. ಮಾತೆಲ್ಲ ರೆಕಾರ್ಡ್ ಆಗುತ್ತದೆ, ಊರಿನ ಹೆಸರು ಕೂಗಬಾರದು ಎಂದಿದ್ದರಿಂದ ಕಂಡಕ್ಟರು ಅಂದು ಬಾಯಿಗೆ ಬೀಗ ಹಾಕಿಕೊಂಡು ತಲೆ ಬಾಚಿಕೊಂಡು ನಿಂತಿದ್ದನಂತೆ. ಊರಿನವರು ಅಭ್ಯಾಸದ ಮೇಲೆ ತಿರುವಿನಲ್ಲಿ ಇಳಿದರು. ಬಸ್ಸು ಮಾಸ್ತಿಗೆ ಹೋಯಿತು.

ನಾನು ದಾರಿ ಕೇಳಿಕೊಂಡು, ಹೆಚ್ಚುಕಡಿಮೆ ಓಡಿಕೊಂಡೇ ರಾಮಲಕ್ಷ್ಮಮ್ಮನ ಮನೆಗೆ ಹೋದೆ. ಆಕೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಅಡುಗೆಮನೆಯ ಬಾಗಿಲಲ್ಲಿ ಗಂಗರತ್ನ, ಹೊಸ ಸೀರೆ, ಊದಿಕೊಂಡ ಕಣ್ಣು. ಅಂಜಮ್ಮ ಬಂದಿರಲಿಲ್ಲ.

"ಎಂಟು ಗಂಟೆಗೇ ಹೂವ ಮುಡ್ಕೊಂಡು ಕೂತವ್ಳೆ," ಎಂದಳು ರಾಮಲಕ್ಷ್ಮಮ್ಮ, ತಲೆಯೆತ್ತದೆ. "ಹೂವ ಬಾಡೋಯ್ತು, ಅವರಮ್ಮನ ಸುಳಿವಿಲ್ಲ."

ನಾನು ಬೋರ್ಡಿನ ವಿಷಯ ಹೇಳಿದೆ. ಯಾರನ್ನೂ ಕೇಳಬೇಡ ಎಂದು ನಾನೇ ಕಲಿಸಿದ್ದನ್ನೂ ಮುಚ್ಚಿಡಲಿಲ್ಲ. ಆಕೆ ಮೊರ ಕೆಳಗಿಟ್ಟು ನನ್ನನ್ನು ನೋಡಿದಳು.

"ಓದೋಕೆ ಬರ್ದೇ ಇದ್ದಿದ್ರೆ ನಾಕು ಜನನ್ನ ಕೇಳ್ಕೊಂಡು ಬಂದ್ಬುಟ್ಟಿರೋಳು. ನೀವು ಓದ್ಸಿ ಕೆಡಿಸಿದ್ರಿ ಕಣಮ್ಮ."

ನಿಲ್ದಾಣದಲ್ಲೇ ಕಾಯುತ್ತೇನೆ ಎಂದು ಎದ್ದೆ. ಗೋಡೆಯ ಗಡಿಯಾರದಲ್ಲಿ ಒಂದೂ ಇಪ್ಪತ್ತು. ರಾಮಲಕ್ಷ್ಮಮ್ಮನೂ ಅತ್ತ ನೋಡಿ, ಸೊಸೆಯ ಕಡೆ ತಿರುಗಿದಳು.

"ಗೋಡೆ ನೋಡ್ಕೊಂಡು ಅಳ್ತಾ ಕೂರ್ಬೇಡ ಕಣೇ. ಟೀಚರಮ್ಮನ ಜತೆ ಹೋಗಿ ಶೂಟಿಂಗ್ ನೋಡು ಹೋಗು. ಈಗ್ಲೇ ಹೋಗು."

ಹುಡುಗಿಯ ಜೀವ ಹೋಗುತ್ತಿರುವಾಗ ಶೂಟಿಂಗ್ ನೋಡು ಎನ್ನುತ್ತಾಳಲ್ಲ, ಎಂಥ ಕಲ್ಲು ಮನಸ್ಸು ಎಂದುಕೊಂಡೆ. ಗಂಗರತ್ನಳ ಕೈ ಹಿಡಿದು ಮೆಲ್ಲಗೆ ನಡೆಸಿಕೊಂಡು ಬಂದೆ. ಸುಬ್ಬರಾಯಪ್ಪ ಹುಡುಗಿಯ ಹೊಟ್ಟೆ ನೋಡಿ ತಾನು ಕೂತಿದ್ದ ಸ್ಟೂಲನ್ನು ಅರಳಿಮರದ ನೆರಳಿಗೆ ತಂದಿಟ್ಟ. ನಾನು ಎಲ್ಲ ಹೇಳಿದ ಮೇಲೆ ಅವನು ಒಂದು ರಟ್ಟು ಹುಡುಕಿ, ಅದರ ಮೇಲೆ ಮಾಲೂರು ಎಂದು ಕೆಂಪು ಬಣ್ಣದಲ್ಲಿ ಬರೆದ. ಅಂದು ಸಂಜೆಯವರೆಗೂ ಕ್ಯಾಮೆರಾ ನಿಂತಾಗಲೆಲ್ಲ ಬರುವ ಬಸ್ಸುಗಳ ಕಿಟಕಿಯ ಕೆಳಗೆ ಅದನ್ನು ಎತ್ತಿ ಹಿಡಿದುಕೊಂಡು ಓಡಾಡಿದನಂತೆ. ಯಾರೂ ಅವನಿಗೆ ಹಾಗೆ ಮಾಡು ಎಂದಿರಲಿಲ್ಲ.

ಒಂದೂವರೆ ಆಯಿತು. ಎರಡಾಯಿತು. ಎರಡೂ ಕಾಲಿಗೆ ಮಾಸ್ತಿಯ ಬಸ್ಸು ಬಂತು. ಮೊದಲು ಕಂಡಕ್ಟರು ಇಳಿದ. ಮುಖ ಸಣ್ಣದಾಗಿತ್ತು. ಅವನ ಹಿಂದೆ ಎದೆಗೆ ಬಟ್ಟೆಯ ಚೀಲ ಅವುಚಿಕೊಂಡು ಅಂಜಮ್ಮ. ಮಾಸ್ತಿಯ ಬೋರ್ಡು ಓದಿದಾಗಲೇ ಅವಳಿಗೆ ಏನೋ ತಪ್ಪಾಗಿದೆ ಎಂದು ತಿಳಿದದ್ದು. ವಾಪಸು ಬಸ್ಸು ಇದ್ದದ್ದು ಒಂದೂವರೆಗೆ. ಅಲ್ಲಿಯವರೆಗೆ ಕಂಡಕ್ಟರು ಅವಳ ಪಕ್ಕದಲ್ಲೇ ಕೂತು, ತನ್ನ ಊಟದ ಡಬ್ಬಿಯಲ್ಲಿ ಅರ್ಧ ಕೊಟ್ಟು, ನಾನು ಕೂಗಬೇಕಿತ್ತು ತಾಯಿ ಎಂದು ಹತ್ತು ಸಲ ಹೇಳಿದನಂತೆ. ಅವಳು ತಿಂದಿರಲಿಲ್ಲ.

ಅವಳು ನನ್ನನ್ನಾಗಲಿ ಮಗಳನ್ನಾಗಲಿ ನೋಡಲಿಲ್ಲ. ತಲೆಯೆತ್ತಿ ಬೋರ್ಡನ್ನು ಮತ್ತೆ ಓದಿದಳು. ತುಟಿ ಒಂದೊಂದೇ ಅಕ್ಷರಕ್ಕೆ ಅಲುಗಿತು.

"ಟೀಚರಮ್ಮಾ, ನಾನು ತಪ್ಪು ಓದಿದ್ನಾ?"

"ಇಲ್ಲ ಅಂಜಮ್ಮ. ನೀನು ಸರಿಯಾಗೇ ಓದಿದೆ. ಬೋರ್ಡೇ ಸುಳ್ಳು."

ಅವಳು ಮೆಟ್ಟಿಲ ಮೇಲೆ ಕುಸಿದು ಕೂತಳು. ಗಂಗರತ್ನ ಬಂದು ಅವಳ ತೊಡೆಯ ಮೇಲೆ ತಲೆಯಿಟ್ಟಳು. ಹೊತ್ತು ಮೀರಿತ್ತು ಎಂಬುದು ಇಬ್ಬರಿಗೂ ಗೊತ್ತಿತ್ತು.

ಆಗ ಜನರ ನಡುವೆ ದಾರಿ ಮಾಡಿಕೊಂಡು ರಾಮಲಕ್ಷ್ಮಮ್ಮ ಬಂದಳು. ಸೊಂಟದ ಮೇಲೆ ಸೊಸೆಯ ತಗಡಿನ ಟ್ರಂಕು, ಇನ್ನೊಂದು ಕೈಯಲ್ಲಿ ಚೀಲ, ಚೀಲದ ಬಾಯಲ್ಲಿ ತೆಂಗಿನಕಾಯಿಯ ಜುಟ್ಟು. ಟ್ರಂಕನ್ನು ದಡ್ಡನೆ ಇಳಿಸಿ ಬೋರ್ಡಿನ ಕಡೆ ಕೈ ಮಾಡಿದಳು.

"ಏನೈತೆ ಅದ್ರಾಗೆ? ಓದು."

ಅಂಜಮ್ಮ ಬೀಗಿತ್ತಿಯ ಮುಖ ನೋಡಿದಳು. ರಾಮಲಕ್ಷ್ಮಮ್ಮನಿಗೂ ಅಕ್ಷರ ಬರುವುದಿಲ್ಲ ಎಂಬುದು ನಮಗೆ ಹೊಳೆದದ್ದು ಆಗಲೇ. ಆ ಕಾಗದವನ್ನು ಯಾರ ಕೈಯಲ್ಲೋ ಬರೆಸಿದ್ದಳು.

"ಹೊನ್ನಕೋಟೆ," ಎಂದಳು ಅಂಜಮ್ಮ.

"ಸರಿಯಾಗಿ ನೋಡು. ಮಾಲೂರು ಅಂತ ಇಲ್ವಾ?"

"ಇಲ್ಲಕ್ಕ. ಹೊನ್ನಕೋಟೆ ಅಂತೈತೆ."

"ಟೈಮ್ ನೋಡೋಕೂ ಕಲ್ಸವ್ರಾ ನಿಂಗೆ? ಆ ಗಡಿಯಾರದಾಗೆ ಎಷ್ಟು?"

ಅಂಜಮ್ಮ ಮುಳ್ಳುಗಳನ್ನು ನೋಡಿದಳು. ಸಣ್ಣದು ಎಲ್ಲಿ, ದೊಡ್ಡದು ಎಲ್ಲಿ ಎಂದು ಬೆರಳು ಮಡಿಸಿದಳು. "ಹನ್ನೊಂದೂ ಹತ್ತು."

"ಆಯ್ತಲ್ಲ," ಎಂದಳು ರಾಮಲಕ್ಷ್ಮಮ್ಮ, ಸುತ್ತ ನಿಂತವರಿಗೆಲ್ಲ ಕೇಳುವಂತೆ. "ಇವಳು ಒಂದೂ ಇಪ್ಪತ್ತಕ್ಕೇ ನಮ್ಮನೆ ಹೊಸಿಲು ದಾಟವ್ಳೆ, ಟೀಚರಮ್ಮನೇ ಸಾಕ್ಷಿ. ರಾಹುಕಾಲ ಬಂದಿರೋದು ಮಾಲೂರಿಗೆ. ಹೊನ್ನಕೋಟೇಲಿ ಇನ್ನೂ ಹನ್ನೊಂದೂ ಹತ್ತು. ಏಳು, ಮಗಳ ಮಡ್ಲು ಹಿಡಿ."

ಶೂಟಿಂಗ್ ನೋಡು ಹೋಗು ಎಂದು ಆಕೆ ಅಷ್ಟು ಅವಸರ ಮಾಡಿದ್ದು ಯಾಕೆಂದು ನನಗೆ ಅರ್ಥವಾದದ್ದು ಆಗ. ಅಂಜಮ್ಮ ಬರುವಳೋ ಇಲ್ಲವೋ ತಿಳಿಯದೆಯೇ ಸೊಸೆಯನ್ನು ಹೊತ್ತಿಗೆ ಮುಂಚೆ ಹೊರಗೆ ಕಳಿಸಿದ್ದಳು. ಆ ಹೆಂಗಸನ್ನು ಕಲ್ಲು ಎಂದುಕೊಂಡದ್ದಕ್ಕೆ ನಾಚಿಕೆಯಾಯಿತು.

ಗಡಿಯಾರದ ಕೆಳಗಿನ ಕಲ್ಲುಬೆಂಚಿನ ಮೇಲೆ ಗಂಗರತ್ನಳನ್ನು ಕೂರಿಸಿದರು. ಕ್ಯಾಮೆರಾದವರಲ್ಲಿ ಒಬ್ಬ ಪಕ್ಕಕ್ಕೆ ಸರಿಯಿರಿ ಎನ್ನುತ್ತ ಬಂದ. ಸುಬ್ಬರಾಯಪ್ಪ ಅವನ ಕಿವಿಯಲ್ಲಿ ಏನೋ ಹೇಳಿದ. ಅವನು ಹಿಂತಿರುಗಿ ಹೋಗಿ ದೀಪಗಳನ್ನು ಆರಿಸಿದ, ಎಲ್ಲರೂ ಟೀ ಕುಡಿಯಲು ಹೋದರು. ಅವಸರದಲ್ಲಿ ಕುಂಕುಮದ ಭರಣಿ ಮನೆಯಲ್ಲೇ ಉಳಿದಿತ್ತು. ನಟರಿಗೆ ಬಣ್ಣ ಹಚ್ಚುವ ಹೆಂಗಸು ತನ್ನ ಪೆಟ್ಟಿಗೆಯಿಂದ ಕುಂಕುಮ ತಂದುಕೊಟ್ಟಳು. ಅಕ್ಕಿ, ಕೊಬ್ಬರಿ, ಬೆಲ್ಲ, ರವಿಕೆ ಕಣ, ಎಲ್ಲವೂ ಹುಡುಗಿಯ ಮಡಿಲು ಸೇರಿತು. ರಾಮಲಕ್ಷ್ಮಮ್ಮ ಸೊಸೆಯ ಕೈಯನ್ನು ಅಂಜಮ್ಮನ ಕೈಯಲ್ಲಿಟ್ಟು, ಇವಳಿಗೆ ಹುಳಿ ಕಂಡರೆ ಆಗಲ್ಲ, ಸಾರಿಗೆ ಹುಣಸೆ ಕಡಿಮೆ ಹಾಕು ಎಂದಳು.

ನಾವು ಮೂವರೂ ಕೋಲಾರದ ಬಸ್ಸು ಹತ್ತಿದೆವು. ಶ್ರೀನಿವಾಸಪುರದಲ್ಲಿ ಇಳಿದು ಅಂಜಮ್ಮ ರಾಯಲ್ಪಾಡಿನ ಬಸ್ಸು ಹುಡುಕುವಾಗ ಬೋರ್ಡು ಓದಿದಳು. ಆಮೇಲೆ ಅಲ್ಲಿ ನಿಂತಿದ್ದ ಒಬ್ಬ ಮುದುಕನ ಹತ್ತಿರ ಹೋಗಿ ಇದು ರಾಯಲ್ಪಾಡಿಗೆ ಹೋಗುತ್ತದೆಯೇ ಎಂದೂ ಕೇಳಿದಳು. ಹೌದಮ್ಮ ಎಂದು ಅವನು ಅವಳ ಟ್ರಂಕನ್ನು ಒಳಗೆ ಎತ್ತಿಟ್ಟ. ಮರುದಿನ ತರಗತಿಯಲ್ಲಿ ನಾನು ನನ್ನ ಪಾಠವನ್ನು ತಿದ್ದಿಕೊಂಡೆ. ಓದಿ, ಕೇಳಿಯೂ ನೋಡಿ ಎಂದೆ.

ಗಂಗರತ್ನಳಿಗೆ ಗಂಡು ಮಗುವಾಯಿತು. ಮಗುವಿಗೆ ಮೂರು ತಿಂಗಳಾಗಿದ್ದಾಗ ಆ ಧಾರಾವಾಹಿ ಟಿ.ವಿ.ಯಲ್ಲಿ ಶುರುವಾಯಿತು. ರಾಯಲ್ಪಾಡಿನ ಪಂಚಾಯ್ತಿ ಕಟ್ಟಡದ ಟಿ.ವಿ. ಮುಂದೆ ನಮ್ಮ ತರಗತಿಯ ಹನ್ನೊಂದು ಹೆಂಗಸರೂ ನಾನೂ ಚಾಪೆ ಹಾಸಿಕೊಂಡು ಕೂತೆವು. ಮೊಮ್ಮಗ ಅಂಜಮ್ಮನ ತೊಡೆಯ ಮೇಲಿದ್ದ.

ಹೊನ್ನಕೋಟೆಗೆ ಬಸ್ಸು ಬಂತು. ಅರಳಿಮರ, ಅಂಗಡಿಸಾಲು, ಹನ್ನೊಂದೂ ಹತ್ತರ ಗಡಿಯಾರ. ಬಾಚಿದ ತಲೆಯ ಕಂಡಕ್ಟರು ಬಾಯಿ ಬಿಗಿದುಕೊಂಡು ಬಾಗಿಲಲ್ಲಿ ನಿಂತಿದ್ದ. ನಾಯಕ ಕೆಳಗಿಳಿದ. ಅವನ ಹಿಂದೆ, ಬಸ್ಸಿನ ಮುಂದಿನ ಕಿಟಕಿಯಲ್ಲಿ ಒಂದು ಮುಖ. ಹಣೆಯ ಮೇಲೆ ಕೈ ಅಡ್ಡ ಹಿಡಿದು, ತುಟಿ ಅಲುಗಿಸುತ್ತ, ಮೇಲಿನ ಬೋರ್ಡನ್ನು ಒಂದೊಂದೇ ಅಕ್ಷರವಾಗಿ ಓದುತ್ತಿದ್ದಳು ಅಂಜಮ್ಮ. ಪೂರ್ತಿ ಓದಿ ಮುಗಿಸಿ, ಇದು ತಾನು ಇಳಿಯಬೇಕಾದ ಊರಲ್ಲ ಎಂದು ಖಾತ್ರಿ ಮಾಡಿಕೊಂಡು, ಸಮಾಧಾನದಿಂದ ಹಿಂದಕ್ಕೆ ಒರಗಿದಳು. ಬಸ್ಸು ಹೊರಟಿತು.

ಅಂಜಮ್ಮ ಮಗುವಿನ ತಲೆ ಸವರುತ್ತ ನನ್ನ ಕಡೆ ತಿರುಗಿದಳು.

"ಸರಿಗ್ಗಾನೇ ಚದಿವಿನಾನು," ಎಂದಳು. ಸರಿಯಾಗೇ ಓದಿದ್ದೀನಿ.