ಹಿಂದಿನ ಗಾಲಿಯ ಗೆಳೆಯರು

ಅಮೇರಿಕದಲ್ಲಿ ಒಂದು ಕಾರನ್ನು ಹೊಸದಾಗಿ ಮಾಡುತ್ತಿದ್ದಾರೆ ಎಂಬ ಸುದ್ದಿ ಬಂದಾಗಿನಿಂದ ನಮ್ಮ ಮನೆಯ ಗೀಸರು ಕೆಟ್ಟಿದೆ. ಎರಡಕ್ಕೂ ಸಂಬಂಧವಿಲ್ಲ ಎನ್ನುತ್ತಾರೆ ನನ್ನ ಗಂಡ ಸುಶೀಲಕುಮಾರ. ಹೇಗಿಲ್ಲ? ಗೀಸರಿನ ಮಿಸ್ತ್ರಿಗೆ ಫೋನ್ ಮಾಡಬೇಕಾದವರು ಅವರು. ಅವರ ಫೋನಿನಲ್ಲಿ ಮೂರೂ ಹೊತ್ತು ಆ ಕಾರೇ ತುಂಬಿರುತ್ತದೆ.

ಎರಡೇ ಬಾಗಿಲಿನ, ಹಿಂದಿನ ಗಾಲಿಗಳ ಬಲದಿಂದ ಓಡುವ, ಹೊಟ್ಟೆ ರಸ್ತೆಗೆ ತಾಗುವಷ್ಟು ತಗ್ಗಿನ ಕಾರು. ಹಳೆಯ ಮಾದರಿಯನ್ನು ಕಂಪನಿ ಎಂದೋ ನಿಲ್ಲಿಸಿತು. ಹೊಸದು ಬರುತ್ತದೆ, ಇಗೋ ಬರುತ್ತದೆ ಎನ್ನುವಷ್ಟರಲ್ಲಿ ನನ್ನ ಮಗಳು ಪ್ರಣಿತಾ ಹೈಸ್ಕೂಲು ಮುಗಿಸಿ ಕಾಲೇಜು ಸೇರಿದಳು. ಅದು ನಮ್ಮ ದೇಶಕ್ಕೆ ಬರುವುದೇ ಇಲ್ಲವಂತೆ. ಬಂದರೂ ಚಿದ್ರಿ ಬಡಾವಣೆಯಲ್ಲಿರುವ ನಮ್ಮ ಓಣಿಯ ಮೊದಲನೇ ಉಬ್ಬಿನ ಮೇಲೆ ಆಮೆಯ ಹಾಗೆ ಕೂತುಬಿಡುತ್ತದೆ. ಆದರೂ ಅದಕ್ಕಾಗಿ ಬೀದರಿನಲ್ಲಿ ಒಂದು ಬಳಗ ಹುಟ್ಟಿಕೊಂಡಿತು: ‘ಹಿಂದಿನ ಗಾಲಿ ಗೆಳೆಯರ ಬಳಗ’. ಅಧ್ಯಕ್ಷರು ನನ್ನ ಗಂಡ, ಹಗಲು ಹೊತ್ತು ಗುಮಾಸ್ತರು. ಉಪಾಧ್ಯಕ್ಷರು ಮಕ್ಸೂದಭಾಯಿ, ಕಾರಿನ ಸೀಟುಗಳಿಗೆ ಕವರು ಹೊಲಿಯುವವರು. ಕಾರ್ಯದರ್ಶಿ ಭಾಲ್ಕಿಯ ಶಿವರಾಜಪ್ಪ, ಗಾಂಧಿ ಗಂಜ್ ಮಾರುಕಟ್ಟೆಯಲ್ಲಿ ತೊಗರಿಯ ದಲಾಲರು. ಸಾಮಾನ್ಯ ಸದಸ್ಯರು ಯಾರೂ ಇಲ್ಲ. ಎಲ್ಲರಿಗೂ ಹುದ್ದೆಯಿದೆ.

ಇವರು ಸೇರಿದಾಗ ಮಾಡುವ ಕೆಲಸ ಒಂದೇ. ಅಮೇರಿಕದಲ್ಲಿ ಯಾರೋ ಗಿಡದ ಮರೆಯಲ್ಲಿ ನಿಂತು ತೆಗೆದ, ರೂಪ ಬಯಲಾಗದಂತೆ ಮೈಗೆಲ್ಲ ಕಪ್ಪು ಬಿಳಿ ಪಟ್ಟಿ ಅಂಟಿಸಿಕೊಂಡ ಆ ಕಾರಿನ ಮಸುಕು ಫೋಟೋವನ್ನು ಬೆರಳಿನಿಂದ ಹಿಗ್ಗಿಸಿ ನೋಡುವುದು. ಹೆಣ್ಣಿನ ಫೋಟೋ ಬಂದ ಮನೆಯ ಹಾಗೆಯೇ.

“ಹಿಂದಿನ ದೀಪ ನೋಡ್ರಿ, ಹೆಂಗ ಕಣ್ಣ ಕಿರಿದ ಮಾಡ್ಯಾದ,” ಎನ್ನುತ್ತಾರೆ ಶಿವರಾಜಪ್ಪ.

“ಅದು ದೀಪ ಅಲ್ರೀ ಸೆಕ್ರೆಟರಿ ಸಾಹೇಬ್ರೇ, ಟೇಪಿನ ಸುಕ್ಕು,” ಎನ್ನುತ್ತಾರೆ ಮಕ್ಸೂದಭಾಯಿ. ಹೊಲಿಗೆಯವರಲ್ಲವೇ, ಸುಕ್ಕು ಬೇಗ ಕಾಣುತ್ತದೆ.

“ಹಿಂದ ಕುಂತವ್ರು ಇಳಿಯೋದು ಹ್ಯಾಂಗ್ರೀ, ಹಿಂದ ಬಾಗಲೇ ಇಲ್ಲಲ್ಲ?” ಎಂದು ಒಮ್ಮೆ ಚಹಾ ಕೊಡುತ್ತ ಕೇಳಿದೆ.

“ಹಿಂದ ಯಾರೂ ಕುಂದ್ರಬಾರ್ದು,” ಎಂದರು ನನ್ನವರು, ಬಹಳ ಸೌಮ್ಯವಾಗಿ.

ನಾನು ಓಮ್ನಿ ಓಡಿಸುತ್ತೇನೆ. ಶಾಲೆಯ ಮಕ್ಕಳನ್ನು ಹತ್ತಿಸಿಕೊಂಡು ಹೋಗಿ, ಹತ್ತಿಸಿಕೊಂಡು ಬರುವುದು ನನ್ನ ಕೆಲಸ. ಹಿಂದೆ ಎಷ್ಟು ಮಂದಿ ಕೂರುತ್ತಾರೆ ಎಂಬುದು ಪೊಲೀಸರಿಗೆ ಗೊತ್ತಾಗದಿರಲಿ. ಆ ಓಮ್ನಿಯೂ ಹಿಂದಿನ ಗಾಲಿಯ ಗಾಡಿ ಎಂದು ಬಳಗಕ್ಕೆ ಗೊತ್ತಾದ ದಿನ ನನ್ನ ಗ್ರಹಚಾರ ಕೆಟ್ಟಿತು. ಅಧ್ಯಕ್ಷರ ಹತ್ತಿರ ಇರುವುದು ಸ್ಕೂಟರು, ಉಳಿದಿಬ್ಬರ ಕಾರುಗಳು ಮುಂದಿನ ಗಾಲಿಯವು. ಹೀಗಾಗಿ ಇಡೀ ಬಳಗದ ಮಾನ ನನ್ನ ಓಮ್ನಿಯ ಮೇಲೆ ನಿಂತಿತು.

ಹೊಸ ಕಾರಿನ ಮುಸುಕು ತೆಗೆಯುವುದು ಅಮೇರಿಕದ ಶನಿವಾರ ಸಂಜೆ, ಅಂದರೆ ನಮ್ಮ ಭಾನುವಾರ ಬೆಳಿಗ್ಗೆ ಎಂದು ಗೊತ್ತಾಯಿತು. ಅದೇ ಭಾನುವಾರ ಬೆಳಿಗ್ಗೆ ಔರಾದಿನಲ್ಲಿ ಜಿಲ್ಲಾ ಖೋಖೋ ತಂಡದ ಆಯ್ಕೆ. ಪ್ರಣಿತಾ ಎರಡು ವರ್ಷದಿಂದ ಕಾಯುತ್ತಿದ್ದದ್ದು ಅದಕ್ಕೇ. ಹೋದ ಸಲ ಅವಳಿಗೆ ಜ್ವರ. ಮುಂದಿನ ಸಲಕ್ಕೆ ಅವಳ ವಯಸ್ಸು ಮೀರುತ್ತದೆ. ಹೆಸರು ಕರೆದಾಗ ಅಂಗಳದಲ್ಲಿ ಇಲ್ಲದವರು ಮನೆಗೆ ಹೋಗಬಹುದು ಎಂದು ಮೊದಲೇ ತಿಳಿಸಿದ್ದರು.

“ಬರೋಬರ್ ಆಯ್ತಲ್ಲ!” ಎಂದರು ನನ್ನವರು. ಶಿವರಾಜಪ್ಪನವರ ಷಡ್ಡಕ ಔರಾದಿನಲ್ಲಿದ್ದಾರೆ, ಅವರ ಮನೆಯಲ್ಲಿ ಗೋಡೆಯಗಲದ ಟಿವಿ ಇದೆ. “ನೀ ಅಕಿನ್ನ ಅಂಗಳಕ್ಕ ಬಿಡು, ನಮ್ಮನ್ನ ಟಿವಿ ಮುಂದ ಬಿಡು. ಹಾದಿಯಾಗ ಭಾಲ್ಕಿಗಿ ಹೋಗಿ ಶಿವರಾಜಪ್ಪನ್ನ ಹತ್ತಿಸ್ಕೊಂಡ್ರಾಯ್ತು.”

ಬೀದರಿನಿಂದ ಔರಾದಿಗೆ ಹೋಗುವವರು ಭಾಲ್ಕಿಗೆ ಹೋಗುವುದು, ಅಡುಗೆಮನೆಗೆ ಹೋಗಲು ಬಸ್‌ಸ್ಟ್ಯಾಂಡ್ ಸುತ್ತಿ ಬಂದ ಹಾಗೆ. ಹೇಳಿದೆ. ಮೂವರೂ ಒಂದೇ ಹಿಂದಿನ ಗಾಲಿಯ ಗಾಡಿಯಲ್ಲಿ ಹೋಗಬೇಕೆಂದು ಠರಾವು ಆಗಿದೆ ಎಂದರು. ಠರಾವಿಗೆ ಎದುರಾಡುವಷ್ಟು ನಿದ್ದೆ ನನಗೆ ಆ ವಾರ ಆಗಿರಲಿಲ್ಲ.

ಭಾಲ್ಕಿಯಲ್ಲಿ ಶಿವರಾಜಪ್ಪ ಇಸ್ತ್ರಿಯ ಬಿಳಿ ಅಂಗಿ ತೊಟ್ಟು, ಹಣೆತುಂಬ ವಿಭೂತಿ ಹಚ್ಚಿ, ಬೀಗರ ಮನೆಗೆ ಹೊರಟವರಂತೆ ಬಾಗಿಲಲ್ಲಿ ನಿಂತಿದ್ದರು. ಗಾಡಿ ನಿಂತದ್ದೇ ತಡ ಮಕ್ಸೂದಭಾಯಿ ಕಿಸೆಯಿಂದ ನಿಂಬೆಹಣ್ಣು ತೆಗೆದರು. ಹೊಸ ಗಾಡಿ ಹೊರಬೀಳುವಾಗ ಗಾಲಿಯ ಕೆಳಗೆ ನಿಂಬೆಹಣ್ಣಿಟ್ಟು ಹಾಯಿಸಬೇಕಲ್ಲ, ಆ ಕಾರು ಇಲ್ಲಿಲ್ಲ, ಆದ್ದರಿಂದ ಅದರ ಪರವಾಗಿ ಓಮ್ನಿಗೆ ಇಡೋಣ ಎಂದರು.

“ಮುಂದಿನ ಗಾಲಿಗಿ ಇಡ್ರಿ,” ಎಂದರು ಶಿವರಾಜಪ್ಪ.

“ತೌಬಾ! ಮುಂದಿನ ಗಾಲಿಗಿ ಇಡೋದು ಮುಂದಿಂದ ಜಗ್ಗೋ ಗಾಡಿಗಿ. ನಮ್ದು ಹಿಂದಿಂದ ದಬ್ಬೋ ಗಾಡಿ. ತಾಕತ್ತ ಎಲ್ಲದ, ನಿಂಬು ಅಲ್ಲೇ.”

“ದೃಷ್ಟಿ ಮುಂದಿಂದ ಬರ್ತದೋ ಹಿಂದಿಂದ ಬರ್ತದೋ, ಅದು ಹೇಳ್ರಿ ಮೊದ್ಲ.”

ದೃಷ್ಟಿ ಗಿಷ್ಟಿ ಎಲ್ಲ ಮೂಢನಂಬಿಕೆ ಎಂದು ಬಸವ ಜಯಂತಿಯಲ್ಲಿ ಮೈಕು ಹಿಡಿದು ಹೇಳುವವರು ಈ ಶಿವರಾಜಪ್ಪ. ಮಕ್ಸೂದಭಾಯಿ ಐದು ಹೊತ್ತಿನ ನಮಾಜು ಬಿಟ್ಟವರಲ್ಲ. ನಾವು ಬುದ್ಧವಿಹಾರಕ್ಕೆ ಹೋಗುವವರು, ನಮ್ಮ ಮನೆಯಲ್ಲಿ ನಿಂಬೆಹಣ್ಣಿಗೆ ಉಪ್ಪಿನಕಾಯಿ ಬಿಟ್ಟರೆ ಬೇರೆ ಗತಿಯಿಲ್ಲ. ಅಂದರೆ ಅಲ್ಲಿ ನಿಂತ ಮೂವರಲ್ಲಿ ನಿಂಬೆಹಣ್ಣನ್ನು ನಂಬುವವರು ಒಬ್ಬರೂ ಇರಲಿಲ್ಲ. ಜಗಳ ಮಾತ್ರ ಬೀದಿಯ ಮೂಲೆಯವರೆಗೆ ಕೇಳುತ್ತಿತ್ತು.

ಅಧ್ಯಕ್ಷರು ತೀರ್ಪು ಕೊಟ್ಟರು: “ನಾ ಇದನ್ನ ನಂಬಂಗಿಲ್ಲ. ಆದ್ರ ಇಡೋದೇ ಇದ್ರ, ಟೆಕ್ನಿಕಲಿ ಹಿಂದಿನ ಗಾಲಿಗೇ ಇಡಬೇಕಾಗ್ತದ.”

“ನಾ ರಾಜೀನಾಮೆ ಕೊಡ್ತೇನಿ,” ಎಂದರು ಶಿವರಾಜಪ್ಪ.

“ಕಾಕಾ, ಔರಾದಕ್ಕ ಹೋಗಿ ಕೊಡ್ರಿ,” ಎಂದಳು ಪ್ರಣಿತಾ ಗಾಡಿಯೊಳಗಿಂದ. ಅವಳು ಆಗಲೇ ಬೂಟಿನ ದಾರ ಎರಡು ಸಲ ಬಿಚ್ಚಿ ಕಟ್ಟಿದ್ದಳು.

ಕೊನೆಗೆ ಶಿವರಾಜಪ್ಪನವರ ಹೆಂಡತಿ ಸುವರ್ಣಾ ಹೊರಗೆ ಬಂದು, “ಛಲೋ ಆಯ್ತು, ಮನ್ಯಾಗ ನಿಂಬಿಹಣ್ಣೇ ಇದ್ದಿದ್ದಿಲ್ಲ,” ಎಂದು ಮಕ್ಸೂದಭಾಯಿಯ ಕೈಯಿಂದ ಹಣ್ಣು ತೆಗೆದುಕೊಂಡು ಒಳಗೆ ಹೋದರು. ಎಲ್ಲರ ಅವಲಕ್ಕಿಯ ಮೇಲೂ ಅದನ್ನು ಹಿಂಡಿದರು. ತಿನ್ನದೆ ಏಳುವ ಹಾಗಿರಲಿಲ್ಲ. ರುಚಿಯಾಗಿತ್ತು ಎಂಬುದನ್ನೂ ಹೇಳಬೇಕು.

ಹೊರಡುವಾಗ ನನ್ನವರು ಕೀಲಿ ಕೇಳಿದರು. “ನೀ ಸ್ವಲ್ಪ ಮಲಕೊ. ಹಿಂದಿನ ಗಾಲಿ ಅಂದ್ರ ಏನಂತ ಕೈಯಾಗ ಹಿಡದ ನೋಡ್ತೇನಿ.” ನಸುಕಿನಲ್ಲೆದ್ದು ಎಲ್ಲರ ಬುತ್ತಿಗೆ ರೊಟ್ಟಿ ಬಡಿದವಳು ನಾನು. ಮಗಳ ಹೆಗಲಿಗೆ ತಲೆಯಿಟ್ಟದ್ದಷ್ಟೇ ಗೊತ್ತು.

ಎಚ್ಚರವಾದಾಗ ಗಾಡಿ ಒಂದು ಕಡೆ ವಾಲಿತ್ತು, ಹಿಂದಿನ ಗಾಲಿ ಗುಂಯ್ ಎಂದು ತಿರುಗುತ್ತಿತ್ತು. ಸುತ್ತಮುತ್ತ ತೊಗರಿ ಹೊಲ. ಡಾಂಬರು ರಸ್ತೆ ದೂರದಲ್ಲಿ ಒಂದು ಗೆರೆಯಾಗಿ ಕಾಣುತ್ತಿತ್ತು.

“ಅಪ್ಪಗ ಎಷ್ಟು ಹೇಳ್ದೆ ಅವ್ವಾ,” ಎಂದಳು ಪ್ರಣಿತಾ. “ಅಲ್ಲಿ ಲಾಂಚ್ ಶುರು ಆಯ್ತಂತ, ರೋಡಿನಾಗ ನೆಟ್‌ವರ್ಕ್ ಬರವಲ್ದಂತ. ದಿನ್ನಿ ಮ್ಯಾಲ ಬರ್ತದಂತ ಬಂಡಿ ಹಾದಿಗಿ ತಿರುಗಿಸ್ಯಾರ.”

ರಾತ್ರಿಯೆಲ್ಲ ಮಳೆ ಬಿದ್ದ ಎರೆಮಣ್ಣು. ಅದರಲ್ಲಿ ಎತ್ತು ಕಾಲಿಡುವಾಗಲೂ ಯೋಚಿಸುತ್ತದೆ.

ಅಧ್ಯಕ್ಷರ ಲೆಕ್ಕ ಮಾತ್ರ ತಪ್ಪಿರಲಿಲ್ಲ. ದಿನ್ನೆಯ ಮೇಲೆ ಅವರ ಸಿಮ್ಮಿಗೆ ನೆಟ್‌ವರ್ಕ್ ಇತ್ತು, ನನಗೂ ಪ್ರಣಿತಾಗೂ ಇರಲಿಲ್ಲ. ಫೋನಿನಲ್ಲಿ ಕೋಟು ತೊಟ್ಟವನೊಬ್ಬ ವೇದಿಕೆಯ ಮೇಲೆ ಅತ್ತಿಂದಿತ್ತ ನಡೆಯುತ್ತ ಭಾಷಣ ಮಾಡುತ್ತಿದ್ದ. ಅವನ ಹಿಂದೆ ಕೆಂಪು ಬಟ್ಟೆ ಹೊದ್ದ ಕಾರು. ನನ್ನವರು ಒಂದು ಕೈಯಲ್ಲಿ ಸ್ಟೇರಿಂಗು, ಇನ್ನೊಂದು ಕೈಯಲ್ಲಿ ಅಮೇರಿಕ ಹಿಡಿದುಕೊಂಡು ಕೂತಿದ್ದರು.

“ಇಳೀರಿ,” ಎಂದೆ.

“ಇದು ಹಿಂದಿನ ಗಾಲಿ ಗಾಡಿ, ತಾನೇ ಏಳ್ತದ—”

“ಇಳೀತೀರೋ ಇಲ್ಲೋ?”

ಇಳಿದರು. ಪ್ರಣಿತಾಳನ್ನು ಸ್ಟೇರಿಂಗಿಗೆ ಕೂರಿಸಿದೆ. ಹೋದ ತಿಂಗಳಷ್ಟೇ ಅವಳಿಗೆ ಲೈಸೆನ್ಸು ಬಂದಿತ್ತು. ನಮ್ಮೆಲ್ಲರಿಗಿಂತ ಹಗುರ ಅವಳು, ಹಿಂದಿನಿಂದ ನೂಕಲು ನನ್ನ ರಟ್ಟೆಯೂ ಬೇಕಿತ್ತು. ಗಾಲಿಯ ಕೆಳಗೆ ಕಟ್ಟಿಗೆ, ಕಸ, ಸಿಕ್ಕಿದ್ದೆಲ್ಲ ತುರುಕಿದೆವು. ಇಂಜಿನ್ನಿನ ಸದ್ದಿಗೆ ಮಾತು ಕೇಳಿಸುತ್ತಿರಲಿಲ್ಲ. ಹಾಗಾಗಿ ಕಿಟಕಿಯ ಹತ್ತಿರ ಹೋಗಿ ಅವಳಿಗೆ ಹೇಳಿದೆ: “ನಾವು ನಾಲ್ಕೂ ಮಂದಿ ಕೈ ಕೊಟ್ಟ ಮ್ಯಾಲ ನಾ ಹಿಂದಿನ ಬಾಗಲಿಗಿ ಬಡದು ಖೋ ಅಂತೇನಿ. ಆವಾಗ ಕ್ಲಚ್ ಬಿಡು. ಅಲ್ಲೀತನಾ ಬಿಡಬ್ಯಾಡ.”

“ಭಾಭಿ, ಬಟ್ಟಿ ತೆಗಿಲಾಕ ಹತ್ತ್ಯಾರ ಅನಸ್ತದ,” ಎಂದರು ಮಕ್ಸೂದಭಾಯಿ. ಫೋನು ನನ್ನ ಗಂಡನ ಅಂಗಿಯ ಜೇಬಿನಿಂದ ಇಣುಕುತ್ತಿತ್ತು.

“ನಿಮ್ಮ ಚರ್ಮ ತೆಗೀತೇನಿ ನೋಡ್ರಿ ಈಗ. ನೂಕ್ರಿ!”

ನೂಕಿದರು. ಹಿಂದಿನ ಗಾಲಿಯ ತಾಕತ್ತು ಏನೆಂಬುದು ಬಳಗಕ್ಕೆ ಮೊದಲ ಸಲ ತಿಳಿದದ್ದು ಆಗಲೇ. ಅದು ಎರೆಮಣ್ಣನ್ನು ಎತ್ತಿ ನೇರ ಕಾರ್ಯದರ್ಶಿಯ ಬಿಳಿ ಅಂಗಿಗೆ ಬಡಿಯಿತು, ಉಳಿದದ್ದನ್ನು ಉಪಾಧ್ಯಕ್ಷರ ಗಡ್ಡಕ್ಕೆ. ನಾನು ಬಾಗಿಲಿಗೆ ಬಡಿದು “ಖೋ!” ಎಂದು ಕೂಗಿದೆ.

ಗಾಡಿ ಎದ್ದಿತು. ಎದ್ದದ್ದು ನಿಲ್ಲಲೇ ಇಲ್ಲ.

ಖೋ ಸಿಕ್ಕವರು ಹಿಡಿದ ದಿಕ್ಕು ಬಿಡುವ ಹಾಗಿಲ್ಲ, ಹಿಂದೆ ತಿರುಗುವ ಹಾಗಿಲ್ಲ. ಆಟದ ಕಾನೂನು. ಆರು ವರ್ಷದಿಂದ ಆ ಹುಡುಗಿಯ ಮೈಯಲ್ಲಿ ಇಳಿದದ್ದು ಅದು. ನಾನು ಬೇರೆ ಯಾವ ಮಾತು ಹೇಳಿದ್ದರೂ ಮುಂದೆ ಎಲ್ಲೋ ಗಟ್ಟಿ ನೆಲದಲ್ಲಿ ನಿಲ್ಲಿಸಿ ನಮಗಾಗಿ ಕಾಯುತ್ತಿದ್ದಳೇನೋ. “ಏ ನಿಂದ್ರು! ನಿಂದ್ರವ್ವಾ ಪ್ರಣಿತಾ!” ಎಂದು ಶಿವರಾಜಪ್ಪ ಕೈಬೀಸುತ್ತ ಓಡಿದರು. ಓಮ್ನಿ ತೊಗರಿಯ ನಡುವೆ ಹಾದು, ಡಾಂಬರು ಹತ್ತಿ, ಔರಾದಿನ ಕಡೆ ಹೊರಳಿತು.

“ಒಳ್ಳೆ ಪಿಕಪ್ ಅದ,” ಎಂದರು ಅಧ್ಯಕ್ಷರು, ಮುಖದ ಮಣ್ಣು ಒರೆಸಿಕೊಳ್ಳುತ್ತ.

ಬೈಯಲು ನನಗೆ ಉಸಿರಿರಲಿಲ್ಲ. ಬದುವಿನ ಮೇಲೆ ಕೂತೆ. ಅವಳು ಮುಟ್ಟಿದಳೋ ಇಲ್ಲವೋ, ಹೆಸರು ಕರೆದು ಮುಗಿಸಿದರೋ ಏನೋ, ಕೇಳಲು ದಾರಿಯಿರಲಿಲ್ಲ. ಅವಳ ಫೋನು, ನನ್ನ ಫೋನು ಎರಡೂ ನನ್ನ ಹೆಗಲ ಚೀಲದಲ್ಲೇ ಸತ್ತಂತೆ ಬಿದ್ದಿದ್ದವು. ಆ ಮೂವರು ತಲೆಗೆ ತಲೆ ಹಚ್ಚಿ ಫೋನಿನ ಮುಂದೆ ಕೂತರು. ಕೋಟಿನವನ ಭಾಷಣ ಇನ್ನೂ ಮುಗಿದಿರಲಿಲ್ಲ. ಇಂಥವರು ನಮ್ಮಲ್ಲಷ್ಟೇ ಇದ್ದಾರೆಂದು ತಿಳಿದಿದ್ದೆ.

ಬಹಳ ಹೊತ್ತಿನ ಮೇಲೆ ಕರೆ ಬಂತು. ಗುರುತಿಲ್ಲದ ನಂಬರು. ನನ್ನವರು ತಟ್ಟನೆ ಕತ್ತರಿಸಿದರು.

“ಯಾರ್ರೀ ಅದು?” ಎಂದೆ.

“ಯಾವ್ದೋ ಲೋನಿಂದು. ಸುಮ್ ಕುಂದ್ರು, ಈಗ ತೆಗೀತಾರ.”

ಕೋಟಿನವನು ಕಾರಿನ ಹತ್ತಿರ ಹೋಗಿ ಕೆಂಪು ಬಟ್ಟೆಯ ತುದಿ ಹಿಡಿದ. ಜನ ಎದ್ದು ನಿಂತರು. ಮಕ್ಸೂದಭಾಯಿ “ಯಾ ಅಲ್ಲಾ” ಎಂದು ಎದೆ ಹಿಡಿದುಕೊಂಡರು. ಅಷ್ಟರಲ್ಲಿ ಅದೇ ನಂಬರು ಮತ್ತೆ ಬಂತು.

“ಕಟ್ ಮಾಡ್ರಿ, ಕಟ್ ಮಾಡ್ರಿ!” ಎಂದರು ಶಿವರಾಜಪ್ಪ.

ನಾನು ಎದ್ದೆ. ನನಗಿಂತ ಮೊದಲು ನನ್ನವರಿಗೇ ಏನೋ ಹೊಳೆಯಿತು. ಎರಡು ಸಲ ಮಾಡುವ ಲೋನಿನವರು ಭಾನುವಾರ ಬೆಳಿಗ್ಗೆ ಯಾಕೆ ಮಾಡುತ್ತಾರೆ ಎಂದಿರಬೇಕು. ಬೆರಳು ಕೆಂಪು ಗುಂಡಿಯ ಮೇಲೆ ನಿಂತಿತ್ತು. ಕೆಂಪು ಬಟ್ಟೆ ಒಂದು ಗೇಣು ಮೇಲೆದ್ದಿತ್ತು, ಕರಿ ಗಾಲಿಯ ಅಂಚು ಕಂಡಿತ್ತು. ಅವರು ಹಸಿರನ್ನು ಒತ್ತಿದರು. ಅಮೇರಿಕ ಮಾಯವಾಯಿತು.

“ನಾ ಗುಲಾಮ ರಸೂಲರೀ, ಖೋಖೋ ಆಯ್ಕಿ ಸಮಿತಿಯವ,” ಎಂದಿತು ದನಿ. “ಒಂದ್ ಹುಡುಗಿ ಮಣ್ಣ ಮೆತ್ತಿದ ಗಾಡಿ ತಾನೇ ಹೊಡಕೊಂಡು ಬಂದಾಳ. ಹೆಸರು ಕರೀಲಾಕ ಹತ್ತೇವಿ. ಸಂಗಟ ಹಿರೇರ್ಯಾರೂ ಇಲ್ಲ. ಹಿರೇರ ಮಾತಿಲ್ದೆ ನಾ ಆಡಸಂಗಿಲ್ರೀ. ಒಮ್ಮೆ ಫೋನ್ ಹಚ್ಚಿದ್ರ ಕಟ್ ಮಾಡಿದ್ರಿ. ನೀವು ಯಾರು?”

“ನಾ... ನಾ ಅಕಿ ಅಪ್ಪರೀ. ನಂದೇ ತಪ್ಪರೀ ಎಲ್ಲಾ. ಆಡಸ್ರಿ. ಅಕಿನ್ನ ಆಡಸ್ರಿ ಸಾಹೇಬ್ರೇ.”

“ತಂದಿ ಆಗಿ ನೀವು ಯಾಕ ಬಂದಿಲ್ಲ?”

ನನ್ನವರು ಸುತ್ತ ನೋಡಿದರು. ಹೊಲ, ಹೊಂಡ, ಮಣ್ಣಿನ ಗೊಂಬೆಗಳಂತಿದ್ದ ಪದಾಧಿಕಾರಿಗಳು. “ಅಮೇರಿಕಕ್ಕ ಹೋಗಿದ್ದೆರಿ,” ಎಂದರು.

ನಾನು ಫೋನು ಕಸಿದುಕೊಂಡು, “ನಾ ಅಕಿ ಅವ್ವರೀ. ಗಾಡಿ ಸಿಕ್ಕೊಂಡಿತ್ತು, ನಾವೇ ಅಕಿನ್ನ ಮುಂದ ಕಳಸೀವಿ. ನಾವೂ ಬರ್ಲಾಕ ಹತ್ತೇವಿ,” ಎಂದೆ.

“ಆಯ್ತು ತಾಯಿ. ಮೊದ್ಲೇ ಹೇಳಬಾರ್ದೇನು,” ಎಂದವರು ಅಲ್ಲೇ ಯಾರಿಗೋ ಕೂಗಿದರು: “ಹೂಂ, ಆಕಿನ್ನ ಒಳಗ ಬಿಡ್ರಿ!” ಆಮೇಲೆ ಫೋನನ್ನು ಎಲ್ಲೋ ಮೇಜಿನ ಮೇಲಿಟ್ಟ ಸದ್ದು. ಕತ್ತರಿಸಲು ಮರೆತಿದ್ದರು. ಸೀಟಿ ಕೇಳಿಸಿತು.

“ಈಗರೆ ಇಡ್ರಿ ವೈನಿ, ಬಟ್ಟಿ ತೆಗದಿರಬೇಕು,” ಎಂದರು ಶಿವರಾಜಪ್ಪ, ಕೈ ಚಾಚಿ.

ನಾನು ಇಡಲಿಲ್ಲ. ನನ್ನವರೂ ಇಡು ಎನ್ನಲಿಲ್ಲ. ಸ್ಪೀಕರ್ ಒತ್ತಿ, ಫೋನನ್ನು ಅಂಗೈಯಲ್ಲಿಟ್ಟುಕೊಂಡು ನಿಂತೆ. ನಾವು ನಾಲ್ವರೂ ಅದರ ಮೇಲೆ ಬಾಗಿದೆವು. ಏನೂ ಕಾಣುತ್ತಿರಲಿಲ್ಲ. ಓಡುವ ಕಾಲುಗಳ ಸದ್ದು, ಹುಡುಗಿಯರ ಕೂಗು, ನಡುನಡುವೆ ಒಂದು ಖೋ. ಯಾರ ದನಿ ಯಾರದೆಂದು ತಿಳಿಯುತ್ತಿರಲಿಲ್ಲ. ಒಮ್ಮೆಗೇ ಜೋರಾಗಿ ಗದ್ದಲವೆದ್ದಿತು.

ಶಿವರಾಜಪ್ಪ ನನ್ನ ಮಣಿಕಟ್ಟು ಹಿಡಿದು ಫೋನನ್ನು ತಮ್ಮ ಕಿವಿಯ ಹತ್ತಿರ ಎಳೆದುಕೊಂಡರು.

“ಯಾರ್ರೀ, ಯಾರು ಔಟಾದ್ರು?”